ಬಿಎಂಐ ನಾರ್ಮಲ್, ಸೊಂಟ 93 ಸೆಂ.ಮೀ.: ಯಾವ ಅಳತೆಯನ್ನು ನಂಬಬೇಕು?

ಪ್ರಶ್ನೆ: ನನಗೆ 42 ವರ್ಷ. ಎತ್ತರ 168 ಸೆಂ.ಮೀ., ತೂಕ 64 ಕೆ.ಜಿ. ಆಫೀಸಿನಲ್ಲಿ ಕೂತು ಮಾಡುವ ಕೆಲಸ, ವ್ಯಾಯಾಮ ಇಲ್ಲ. ಹೆಲ್ತ್ ಕ್ಯಾಂಪಿನಲ್ಲಿ ಬಿಎಂಐ 22.7 ಇದೆ, ನಾರ್ಮಲ್ ಎಂದರು. ಆಮೇಲೆ ಮೊಬೈಲಿನಲ್ಲಿ ಒಂದು ಕ್ಯಾಲ್ಕುಲೇಟರಿಗೆ ಸೊಂಟ (93 ಸೆಂ.ಮೀ.), ಹಿಪ್ (92), ಕುತ್ತಿಗೆಯ ಅಳತೆ ಹಾಕಿದೆ. ‘ಹೃದಯಕ್ಕೆ ಹೈ ರಿಸ್ಕ್’ ಎಂದು ಕೆಂಪು ತೋರಿಸಿತು. ನನ್ನ ಪ್ಯಾಂಟ್ ಸೈಜ್ ಇನ್ನೂ 34. ನನ್ನ ಹೆಂಡತಿಗೆ 39 ವರ್ಷ, ಎತ್ತರ 158, ತೂಕ 66, ಸೊಂಟ 78, ಹಿಪ್ 104. ನೋಡಲು ಅವಳೇ ದಪ್ಪ, ಆದರೆ ಅವಳಿಗೆ ‘ಲೋ ರಿಸ್ಕ್’ ಬಂತು. ಅವಳು ದಿನಾ ಒಂದು ಗಂಟೆ ವಾಕಿಂಗ್ ಮಾಡುತ್ತಾಳೆ. ನನ್ನ ತಂದೆಗೆ ಶುಗರ್ ಇತ್ತು, 54ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಮಗನಿಗೆ 10 ವರ್ಷ. ಹುಟ್ಟಿದಾಗ 2.2 ಕೆ.ಜಿ. ಇದ್ದ, ಈಗ ಗುಂಡಗಾಗಿದ್ದಾನೆ. ಇಷ್ಟೊಂದು ಅಳತೆಗಳಲ್ಲಿ ಯಾವುದನ್ನು ನಂಬೋದು ಡಾಕ್ಟ್ರೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕ್ಯಾಂಪಿನವರು ನಾರ್ಮಲ್ ಎಂದರು ಅಂತ ನೀವು ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಹಾಗಂತ ಮೊಬೈಲಿನ ಕೆಂಪು ಬಣ್ಣ ನೋಡಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ನಿಮ್ಮ ಸೊಂಟದ ಅಳತೆ ಹೇಳುತ್ತಿರುವುದು ಇಷ್ಟೇ: ಈ ತಿಂಗಳೊಳಗೆ ಬಿಪಿ ನೋಡಿಸಿ, ರಕ್ತ ಪರೀಕ್ಷೆ ಮಾಡಿಸಿ. ಆ ಫಲಿತಾಂಶ ಕೈಗೆ ಬಂದ ಮೇಲೆ ಅದೇ ಮುಖ್ಯ, ಟೇಪ್ ಹಿಂದಕ್ಕೆ ಸರಿಯುತ್ತದೆ. ಯಾಕೆ ಹೀಗೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ‘ನಾನು ಸಣ್ಣಗಿದ್ದೇನೆ, ನನಗೇನೂ ಬರಲ್ಲ’ ಎಂದು ನಂಬಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ತಡವಾಗಿ ಪರೀಕ್ಷೆಗೆ ಬರುವವರೂ ಅವರೇ.

ಬಿಎಂಐ ಎಂದರೆ ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. ಇದನ್ನು 1830ರ ದಶಕದಲ್ಲಿ ಕೊಟ್ಟವನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವನು ವೈದ್ಯನಲ್ಲ, ಖಗೋಳ ಮತ್ತು ಗಣಿತ ಬಲ್ಲವನು. ಮನುಷ್ಯರ ಎತ್ತರಕ್ಕೆ ತಕ್ಕ ಹಾಗೆ ತೂಕ ಹೇಗೆ ಏರುತ್ತದೆ ಎಂದು ನೋಡುವುದಷ್ಟೇ ಅವನಿಗೆ ಬೇಕಿತ್ತು. ರೋಗದ ಯೋಚನೆ ಅಲ್ಲಿ ಇರಲೇ ಇಲ್ಲ. ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜೊತೆಗಾರರು 1972ರಲ್ಲಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಕೊಟ್ಟರು. ಒಂದು ಊರಿನ, ಒಂದು ರಾಜ್ಯದ ಜನರ ತೂಕ ಹೇಗಿದೆ ಎಂದು ನೋಡಲು ಅದು ಈಗಲೂ ಒಳ್ಳೆಯ ಅಳತೆಯೇ. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡಾಗ ಮಾತ್ರ ಅದು ಎರಡು ವಿಷಯ ಹೇಳುವುದಿಲ್ಲ. ಆ ತೂಕದಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು? ಮತ್ತು ಆ ಕೊಬ್ಬು ಮೈಯಲ್ಲಿ ಎಲ್ಲಿ ಕೂತಿದೆ?

ಎರಡನೆಯ ಪ್ರಶ್ನೆಯನ್ನು 1947ರಲ್ಲೇ ಒಬ್ಬರು ಎತ್ತಿದ್ದರು. ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಝಾಂ ವಾಗ್. ಹೊಟ್ಟೆಯ ಭಾಗದಲ್ಲಿ ಕೊಬ್ಬು ಇರುವವರಿಗೆ ಸಕ್ಕರೆ ಕಾಯಿಲೆ, ರಕ್ತನಾಳದ ಕಾಯಿಲೆ ಹೆಚ್ಚು ಬರುತ್ತದೆ, ತೊಡೆ ಮತ್ತು ಹಿಪ್ ಭಾಗದಲ್ಲಿ ಇರುವವರಿಗೆ ಅಷ್ಟು ಬರುವುದಿಲ್ಲ ಎಂದು ಅವರು ಬರೆದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. ನಿಮ್ಮ ಮತ್ತು ನಿಮ್ಮ ಮನೆಯವರ ಅಳತೆಗಳನ್ನು ಅಕ್ಕಪಕ್ಕ ಇಟ್ಟರೆ ಅವರು ಹೇಳಿದ್ದೇ ಕಾಣುತ್ತದೆ.

ಒಂದನೆಯ ಪ್ರಶ್ನೆಗೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈ ಸ್ಕ್ಯಾನ್ ಮಾಡಿ ನೋಡಿದಾಗ ಯಡ್ಕಿನ್ ಅವರ ಕೊಬ್ಬು 9.1%, ಯಾಜ್ಞಿಕ್ ಅವರದು 21.2%. ತೂಕದ ಯಂತ್ರ ಇವರಿಬ್ಬರನ್ನೂ ಒಂದೇ ಎನ್ನುತ್ತದೆ. ನಿಮ್ಮ 22.7 ಕೂಡ ಇದೇ ಜಾತಿಯದು. ಈ ವ್ಯತ್ಯಾಸ ಹುಟ್ಟಿನಿಂದಲೇ ಇದೆ ಎಂದೂ ಯಾಜ್ಞಿಕ್ ತಂಡ ತೋರಿಸಿತು. ಪುಣೆಯ ಹಳ್ಳಿಗಳ ಕೂಸುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ., ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದು 3.5 ಕೆ.ಜಿ. ನಮ್ಮ ಕೂಸುಗಳಲ್ಲಿ ಕಡಿಮೆ ಇದ್ದದ್ದು ಹೆಚ್ಚಾಗಿ ಮಾಂಸಖಂಡ. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ.

ಅದಕ್ಕೇ ನಮ್ಮವರಿಗೆ ಬೇರೆ ಗಡಿ ಇಟ್ಟಿದ್ದಾರೆ. ಜಗತ್ತಿನ ಬಹಳ ಕಡೆ ಬಿಎಂಐ 25 ದಾಟಿದರೆ ತೂಕ ಹೆಚ್ಚು, 30 ದಾಟಿದರೆ ಬೊಜ್ಜು. ಭಾರತೀಯರಿಗೆ 23 ಮತ್ತು 25. ಸೊಂಟದ ಸುತ್ತಳತೆಯ ಗಡಿ ಅಮೆರಿಕದಲ್ಲಿ ಗಂಡಸರಿಗೆ 102 ಸೆಂ.ಮೀ., ಹೆಂಗಸರಿಗೆ 88. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80. ಇಂಚಿನಲ್ಲಿ ಹೇಳಿದರೆ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ನೀವು ಬಳಸಿದ ಕ್ಯಾಲ್ಕುಲೇಟರ್ ಯಾವ ದೇಶದ ಗಡಿಯನ್ನು ಇಟ್ಟುಕೊಂಡಿದೆ ಎಂದು ಮೊದಲು ನೋಡಿ. ಅಮೆರಿಕದ ಗಡಿ ಇರುವ ಆ್ಯಪ್‌ಗಳು 98 ಸೆಂ.ಮೀ. ಸೊಂಟದ ನಮ್ಮ ಗಂಡಸರಿಗೂ ಹಸಿರು ತೋರಿಸಿ ಕಳಿಸಿಬಿಡುತ್ತವೆ.

ಹೊಟ್ಟೆಯ ಕೊಬ್ಬಿಗೇ ಯಾಕೆ ಇಷ್ಟು ಭಯ? ತಿಂದದ್ದರಲ್ಲಿ ಉಳಿದದ್ದನ್ನು ಮೈ ಮೊದಲು ಚರ್ಮದಡಿಯ ಕೊಬ್ಬಿನಲ್ಲಿ ತುಂಬಿಡುತ್ತದೆ. ತೊಡೆ, ಹಿಪ್, ತೋಳು ಇವೆಲ್ಲ ಅದಕ್ಕೆ ಕಣಜ ಇದ್ದ ಹಾಗೆ. ಕಣಜ ಚಿಕ್ಕದಿದ್ದರೆ ಬೇಗ ತುಂಬುತ್ತದೆ, ಮಿಕ್ಕ ಭತ್ತ ನಡುಮನೆಗೂ ಬರುತ್ತದೆ. ಕೊಬ್ಬೂ ಹಾಗೆಯೇ ಕರುಳಿನ ಸುತ್ತ, ಯಕೃತ್ತಿನೊಳಗೆ, ಮೇದೋಜೀರಕ ಗ್ರಂಥಿಯೊಳಗೆ ಸೇರಿಕೊಳ್ಳುತ್ತದೆ. ಕರುಳಿನ ಸುತ್ತಲಿನ ರಕ್ತವೆಲ್ಲ ನೇರ ಯಕೃತ್ತಿಗೆ ಹೋಗುವುದರಿಂದ ಅಲ್ಲಿಂದ ಕರಗಿದ ಕೊಬ್ಬಿನಾಮ್ಲಗಳೂ ಅಲ್ಲಿಗೇ ಹೋಗುತ್ತವೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ರಾತ್ರಿಯಿಡೀ ಬೇಡದಿದ್ದರೂ ಸಕ್ಕರೆ ಬಿಡುತ್ತಿರುತ್ತದೆ, ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಏರುತ್ತದೆ. ಟ್ರೈಗ್ಲಿಸರೈಡ್ ಎನ್ನುವ ಕೊಬ್ಬನ್ನು ಜಾಸ್ತಿ ಮಾಡಿ ರಕ್ತಕ್ಕೆ ಸುರಿಯುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ಬಿಪಿಯೂ ಮೆಲ್ಲಗೆ ಮೇಲೇರುತ್ತದೆ. ಇವೆಲ್ಲ ಒಟ್ಟಿಗೆ ಬರುವುದನ್ನೇ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತೇವೆ.

ಈಗ ನಿಮ್ಮ ಮನೆಯವರ ವಿಷಯ. ಅವರ ಬಿಎಂಐ 26.4. ನಮ್ಮ ಗಡಿಯ ಪ್ರಕಾರ ಬೊಜ್ಜು. ಆದರೆ ಸೊಂಟ 78, ಹಿಪ್ 104. ಕೊಬ್ಬು ಬಹುಪಾಲು ತೊಡೆ, ಹಿಪ್ಪಿನ ಚರ್ಮದಡಿಯಲ್ಲಿ ಕೂತಿದೆ. ಅಲ್ಲಿ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಸ್ವಲ್ಪ ಮಟ್ಟಿಗೆ ರಕ್ಷಣೆಯನ್ನೇ ಕೊಡುತ್ತದೆ. ನಿಮ್ಮದು ಉಲ್ಟಾ. ಹಿಪ್‌ಗಿಂತ ಸೊಂಟವೇ ಒಂದು ಸೆಂ.ಮೀ. ದೊಡ್ಡದು. ಕೈಕಾಲು ಸಣ್ಣ, ಹೊಟ್ಟೆ ಮುಂದೆ. ನಮ್ಮ ಆಫೀಸುಗಳಲ್ಲಿ ನಲವತ್ತರ ಆಸುಪಾಸಿನ ಗಂಡಸರಲ್ಲಿ ಇದೇ ಮೈಕಟ್ಟು ಎದ್ದು ಕಾಣುತ್ತದೆ. ‘ಮದುವೆ ಆದ್ಮೇಲೆ ಸ್ವಲ್ಪ ಹೊಟ್ಟೆ ಬರೋದು ಸಹಜ’ ಎಂದು ಮನೆಯವರೂ ಸುಮ್ನೆ ಬಿಟ್ಟಿರುತ್ತಾರೆ. ಅದು ಎಲ್ಲರಿಗೂ ಬರುತ್ತಿದೆ ನಿಜ. ಎಲ್ಲರಿಗೂ ಬರುತ್ತಿದೆ ಎಂದ ಮಾತ್ರಕ್ಕೆ ಸಹಜ ಆಗುವುದಿಲ್ಲ ಅಲ್ವಾ?

ಸೊಂಟವನ್ನು ಹಿಪ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ ಗಂಡಸರಲ್ಲಿ 0.90ಕ್ಕಿಂತ, ಹೆಂಗಸರಲ್ಲಿ 0.85ಕ್ಕಿಂತ ಕಡಿಮೆ ಇರಬೇಕು. ನಿಮ್ಮದು 1.01, ಅವರದು 0.75. ಈ ಅನುಪಾತಕ್ಕೆ ದೊಡ್ಡ ಬೆಂಬಲ ಸಿಕ್ಕಿದ್ದು ಇಂಟರ್‌ಹಾರ್ಟ್ ಎಂಬ ಅಧ್ಯಯನದಿಂದ. 52 ದೇಶಗಳಲ್ಲಿ ಹೃದಯಾಘಾತ ಆದವರನ್ನೂ ಆಗದವರನ್ನೂ ಸೇರಿಸಿ ಸುಮಾರು 27,000 ಜನರ ಅಳತೆ ತೆಗೆದು ನೋಡಿದರು. 2005ರಲ್ಲಿ ಬಂದ ಫಲಿತಾಂಶದಲ್ಲಿ ಹೃದಯಾಘಾತದ ಜೊತೆ ಬಿಎಂಐಗಿಂತ ಸೊಂಟ-ಹಿಪ್ ಅನುಪಾತದ ನಂಟು ಗಟ್ಟಿಯಾಗಿತ್ತು. ಅಧ್ಯಯನದ ಮುಂದಾಳು ಕೆನಡಾದ ಡಾ. ಸಲೀಂ ಯೂಸುಫ್. ಅವರು ಎಂಬಿಬಿಎಸ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಅದೇ ಅಧ್ಯಯನದ ಇನ್ನೊಂದು ಅಂಶ ನನ್ನನ್ನು ಹೆಚ್ಚು ಕಾಡುತ್ತದೆ. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಬೇರೆಯವರಲ್ಲಿ ಸುಮಾರು 59. ನಿಮ್ಮ ತಂದೆಯವರ 54 ಆ ಸರಾಸರಿಯ ಪಕ್ಕದಲ್ಲೇ ಇದೆ. ತಂದೆಗೆ 55ರೊಳಗೆ ಅಥವಾ ತಾಯಿಗೆ 65ರೊಳಗೆ ಹೃದಯದ ತೊಂದರೆ ಬಂದಿದ್ದರೆ ಮಕ್ಕಳು ಅದನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಲೇಬೇಕು.

ಇಷ್ಟು ಹೇಳಿದ ಮೇಲೆ ಅಳತೆ ತೆಗೆಯುವ ಬಗೆ ಹೇಳದಿದ್ದರೆ ಎಲ್ಲ ವ್ಯರ್ಥ. ಕ್ಯಾಂಪುಗಳಲ್ಲಿ ಅಂಗಿಯ ಮೇಲೆಯೇ ಟೇಪ್ ಸುತ್ತುತ್ತಾರೆ. ಟೇಪ್ ಸುತ್ತಿದ ಕೂಡಲೇ ಗಂಡಸರು ಉಸಿರು ಎಳೆದು ಹೊಟ್ಟೆ ಒಳಗೆ ಹಾಕುತ್ತಾರೆ. ಮೂರು ನಾಲ್ಕು ಸೆಂ.ಮೀ. ಅಲ್ಲೇ ಮಾಯ.

ಮನೆಯಲ್ಲಿ ಹೀಗೆ ಮಾಡಿ. ಬೆಳಿಗ್ಗೆ, ತಿಂಡಿಗೆ ಮುಂಚೆ, ಶೌಚ ಮುಗಿಸಿ ಬಂದ ಮೇಲೆ ಅಳೆಯಿರಿ. ಬರಿ ಮೈ, ಇಲ್ಲವೇ ತೆಳು ಬನಿಯನ್. ಪಾದ ಜೋಡಿಸಿ ನೇರ ನಿಲ್ಲಿ, ಕೈ ಪಕ್ಕಕ್ಕೆ ಸಡಿಲವಾಗಿರಲಿ. ಪಕ್ಕೆಯಲ್ಲಿ ಬೆರಳೊತ್ತಿದರೆ ಕೊನೆಯ ಪಕ್ಕೆಲುಬು ಸಿಗುತ್ತದೆ. ಅಲ್ಲಿಂದ ಕೆಳಗೆ ಇಳಿದರೆ ಸೊಂಟದ ಮೂಳೆಯ ಮೇಲ್ತುದಿ ಗಟ್ಟಿಯಾಗಿ ತಾಗುತ್ತದೆ. ಇವೆರಡರ ನಡುಮಧ್ಯೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಟೇಪ್ ಆ ಗೆರೆಯ ಮೇಲೆ ಹಾದು ಸುತ್ತ ಬರಬೇಕು. ಹಿಂದೆ ಬೆನ್ನಿನಲ್ಲಿ ಕೆಳಗೆ ಜಾರಿದೆಯೇ ಎಂದು ಕನ್ನಡಿಯಲ್ಲಿ ನೋಡಿ, ಅಥವಾ ಮನೆಯವರನ್ನು ನೋಡಲು ಹೇಳಿ. ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟು, ಬಿಟ್ಟ ಕೊನೆಯಲ್ಲಿ ಓದಿಕೊಳ್ಳಿ. ಎರಡು ಸಲ ಅಳೆಯಿರಿ. ಒಂದು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಎರಡು ಸಲ. ಹೊಕ್ಕುಳನ್ನೇ ಗುರುತು ಮಾಡಿಕೊಳ್ಳಬೇಡಿ, ಹೊಟ್ಟೆ ಜೋತವರಲ್ಲಿ ಅದು ಕೆಳಗೆ ಇಳಿದಿರುತ್ತದೆ. ಹಿಪ್ ಅಳೆಯುವಾಗ ಅತ್ಯಂತ ಅಗಲ ಇರುವ ಜಾಗದಲ್ಲಿ, ತೆಳು ಬಟ್ಟೆಯ ಮೇಲೆ ಅಳೆದರೆ ಸಾಕು. ಟೇಪ್ ಹಳೆಯದಾಗಿ ಎಳೆದು ಹಿಗ್ಗಿದ್ದರೆ ಅಳತೆ ಕಡಿಮೆ ತೋರಿಸುತ್ತದೆ. ಒಂದು ಸ್ಟೀಲ್ ಸ್ಕೇಲಿನ ಪಕ್ಕ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಸೀರೆ ಉಡುವವರಿಗೆ ಒಂದು ಮಾತು. ಲಂಗದ ಲಾಡಿ ವರ್ಷಾನುಗಟ್ಟಲೆ ಬಿಗಿದ ಜಾಗದಲ್ಲಿ ಗೆರೆ ಬಿದ್ದಿರುತ್ತದೆ. ಟೇಪ್ ತಾನಾಗಿ ಅಲ್ಲಿ ಹೋಗಿ ಕೂರುತ್ತದೆ, ಅಳತೆ ಕಡಿಮೆ ಬರುತ್ತದೆ. ಲಾಡಿ ಸಡಿಲ ಮಾಡಿ, ಗೆರೆ ಬಿಟ್ಟು, ಮೂಳೆಗಳ ನಡುವಿನ ಜಾಗದಲ್ಲೇ ಅಳೆಯಬೇಕು.

ನಿಮ್ಮ 34ರ ಪ್ಯಾಂಟಿನ ಗುಟ್ಟೂ ಇಲ್ಲೇ ಇದೆ. 34 ಇಂಚು ಎಂದರೆ 86 ಸೆಂ.ಮೀ. ಚಿಲ್ಲರೆ. ನಿಮ್ಮ ಸೊಂಟ 93, ಅಂದರೆ ಮೂವತ್ತಾರೂವರೆ ಇಂಚು. ಹೊಟ್ಟೆ ಬಂದ ಹಾಗೆ ನಾವು ಬೆಲ್ಟನ್ನು ಅದರ ಕೆಳಗೆ ಇಳಿಸಿಕೊಳ್ಳುತ್ತೇವೆ. ಅಲ್ಲಿ ಹಳೆಯ ಸೈಜೇ ಹಿಡಿಸುತ್ತದೆ. ರೆಡಿಮೇಡ್ ಪ್ಯಾಂಟಿನ ಸೈಜು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ ಇರುವುದು ಇನ್ನೊಂದು. ಹತ್ತು ವರ್ಷದಿಂದ ಒಂದೇ ಸೈಜ್ ಹಾಕುತ್ತಿದ್ದೇನೆ ಎನ್ನುವುದು ಆರೋಗ್ಯದ ಲೆಕ್ಕಕ್ಕೆ ಬರುವುದಿಲ್ಲ.

ಒಂದೇ ಅಳತೆ ಇಟ್ಟುಕೊಳ್ಳಿ ಎಂದರೆ ನಾನು ಸೊಂಟ-ಎತ್ತರದ ಲೆಕ್ಕ ಹೇಳುತ್ತೇನೆ. ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಬ್ರಿಟನ್ನಿನ ಮಾರ್ಗರೆಟ್ ಆಶ್‌ವೆಲ್ 1990ರ ದಶಕದಿಂದ ಇದನ್ನು ಹೇಳುತ್ತಾ ಬಂದರು. 2022ರಲ್ಲಿ, ಅಲ್ಲಿನ ವೈದ್ಯರಿಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಇದನ್ನು ತನ್ನ ಮಾರ್ಗಸೂಚಿಗೆ ಸೇರಿಸಿತು: 0.4ರಿಂದ 0.49 ಸರಿ, 0.5ರಿಂದ 0.59 ಅಪಾಯ ಹೆಚ್ಚು, 0.6 ಮತ್ತು ಮೇಲೆ ಇನ್ನೂ ಹೆಚ್ಚು. ಗಂಡು, ಹೆಣ್ಣು, ಯಾವ ದೇಶದವರು ಎಂದು ಬೇರೆ ಬೇರೆ ಗಡಿ ನೆನಪಿಡಬೇಕಾಗಿಲ್ಲ. ಗಿಡ್ಡಗಿರುವವರಿಗೆ ಇದರಿಂದ ನ್ಯಾಯ ಸಿಗುತ್ತದೆ. 148 ಸೆಂ.ಮೀ. ಎತ್ತರದ ಹೆಂಗಸಿಗೆ 80ರ ಗಡಿ ತೀರಾ ಸಡಿಲ, ಅವರಿಗೆ 74 ದಾಟಿದರೇ ಎಚ್ಚರ ಬೇಕು. ನಿಮ್ಮದು 0.55. ನಿಮ್ಮ ಮನೆಯವರದು 0.49, ಗಡಿಯ ಒಳಗೇ ಇದೆ, ಆದರೆ ಒಂದೆರಡು ಸೆಂ.ಮೀ. ಅಷ್ಟೇ ದೂರ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಹೆಂಗಸರ ಕೊಬ್ಬು ಹಿಪ್‌ನಿಂದ ಹೊಟ್ಟೆಯ ಕಡೆಗೆ ಜಾಗ ಬದಲಿಸುತ್ತದೆ. ಆದ್ದರಿಂದ ಅವರು ವಾಕಿಂಗ್ ಬಿಡುವುದು ಬೇಡ, ವರ್ಷಕ್ಕೆರಡು ಸಲ ಟೇಪ್ ಹಿಡಿಯಲಿ.

ಕುತ್ತಿಗೆಯ ಅಳತೆಗೆ ನಾನು ಹೆಚ್ಚು ಬೆಲೆ ಕೊಡುವುದು ಗೊರಕೆಯ ವಿಷಯ ಬಂದಾಗ. ಕುತ್ತಿಗೆ ದಪ್ಪ ಇದ್ದು, ಜೋರು ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದರೆ ಅದನ್ನು ತೋರಿಸಿಕೊಳ್ಳಬೇಕು. ಬಿಪಿ ಏರಲು ಅದೂ ಒಂದು ಕಾರಣ. ಕುತ್ತಿಗೆಯ ಹಿಂಭಾಗದ ಚರ್ಮವನ್ನೂ ಒಮ್ಮೆ ನೋಡಿಕೊಳ್ಳಿ. ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪಗಾಗಿದ್ದರೆ ಅದು ಕೊಳೆ ಅಲ್ಲ. ಜನ ಅದನ್ನು ಕಲ್ಲು ಹಾಕಿ ಉಜ್ಜುತ್ತಾರೆ, ಪಾಪ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವುದಕ್ಕೆ ಅದು ಸಾಮಾನ್ಯವಾಗಿ ಕಾಣುವ ಗುರುತು. ಇನ್ನು ‘ವಿಸೆರಲ್ ಫ್ಯಾಟ್ ಲೆವೆಲ್’ (ಹೊಟ್ಟೆಯೊಳಗಿನ ಕೊಬ್ಬು) ತೋರಿಸುವ ಸ್ಮಾರ್ಟ್ ತೂಕದ ಯಂತ್ರಗಳು. ಅವು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸಣ್ಣ ಕರೆಂಟು ಹಾಯಿಸಿ, ಉಳಿದದ್ದನ್ನು ಸೂತ್ರದಿಂದ ಊಹೆ ಮಾಡುತ್ತವೆ. ನೀರು ಕುಡಿದಿದ್ದೀರಾ, ಬೆವರಿದ್ದೀರಾ ಎನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಅದಕ್ಕೆ ದುಡ್ಡು ಹಾಕುವ ಬದಲು ಒಳ್ಳೆಯ ಬಿಪಿ ಮಿಷನ್ ತೆಗೆದುಕೊಳ್ಳಿ.

ಈಗ ಮುಖ್ಯ ಮಾತು: ಅಳತೆಯಿಂದ ಕಾಯಿಲೆಯನ್ನು ಮುಂದಾಗಿ ಹೇಳಬಹುದಾ? ಒಂದು ಗುಂಪಿನ ವಿಷಯದಲ್ಲಿ ಹೇಳಬಹುದು. ಸೊಂಟ ದೊಡ್ಡದಿರುವ ಸಾವಿರ ಜನರಲ್ಲಿ, ಸೊಂಟ ಚಿಕ್ಕದಿರುವ ಸಾವಿರ ಜನರಿಗಿಂತ ಹೆಚ್ಚು ಮಂದಿಗೆ ಶುಗರ್, ಹೃದಯದ ಕಾಯಿಲೆ ಬರುತ್ತದೆ. ನಿಮಗೇ ಬರುತ್ತದೆಯೇ ಎಂದರೆ ಟೇಪಿಗೆ ಗೊತ್ತಿಲ್ಲ. 2011ರಲ್ಲಿ 58 ಅಧ್ಯಯನಗಳ ಸುಮಾರು 2.2 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಬಿಪಿ, ಶುಗರ್ ಇದೆಯೇ ಇಲ್ಲವೇ, ಕೊಲೆಸ್ಟ್ರಾಲ್ ಇವೆಲ್ಲ ಗೊತ್ತಿದ್ದಾಗ, ಅದಕ್ಕೆ ಬಿಎಂಐ ಅಥವಾ ಸೊಂಟದ ಅಳತೆ ಸೇರಿಸಿದರೆ ಊಹೆ ಹೇಳಿಕೊಳ್ಳುವಷ್ಟು ಉತ್ತಮವಾಗಲಿಲ್ಲ. ಇದನ್ನು ಓದಿ ‘ಹಾಗಾದರೆ ಹೊಟ್ಟೆಯಿಂದ ತೊಂದರೆ ಇಲ್ಲ’ ಎಂದುಕೊಂಡವರಿದ್ದಾರೆ. ಅದು ತಪ್ಪು. ಹೊಟ್ಟೆಯ ಕೊಬ್ಬು ಹೃದಯಕ್ಕೆ ಹಾನಿ ಮಾಡುವುದು ಬಹುಮಟ್ಟಿಗೆ ಆ ಬಿಪಿ, ಶುಗರ್, ರಕ್ತದ ಕೊಬ್ಬಿನ ಮೂಲಕವೇ. ಅವನ್ನು ನೇರವಾಗಿ ಅಳೆದಾಗ ಟೇಪ್ ಹೇಳಬೇಕಾದದ್ದರಲ್ಲಿ ಹೆಚ್ಚಿನದನ್ನು ಅವೇ ಹೇಳಿರುತ್ತವೆ.

ಆದ್ದರಿಂದಲೇ ಟೇಪಿನ ನಿಜವಾದ ಜಾಗ ಪರೀಕ್ಷೆಗೆ ಮುಂಚೆ. ಯಾರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು ಎಂದು ಹೇಳಲು ಅದಕ್ಕಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು 30 ದಾಟಿದವರ ಫಾರಂ ತುಂಬುತ್ತಾರಲ್ಲ, ಅದರಲ್ಲಿ ವಯಸ್ಸು, ತಂಬಾಕು, ಕುಡಿತ, ವ್ಯಾಯಾಮ, ಮನೆತನದ ಕಾಯಿಲೆಗಳ ಜೊತೆ ಸೊಂಟದ ಅಳತೆಗೂ ಅಂಕ ಇದೆ. ಒಟ್ಟು 4 ದಾಟಿದರೆ ಅಂಥವರನ್ನು ಮೊದಲು ತಪಾಸಣೆಗೆ ಕರೆಸಬೇಕು. ಅವರು ಟೇಪ್ ತೆಗೆದಾಗ ನಾಚಿಕೆ ಎಂದು ಅಂದಾಜಿಗೆ ಒಂದು ಸಂಖ್ಯೆ ಬರೆಸಬೇಡಿ. ಆ ಒಂದು ಸಂಖ್ಯೆಯ ಮೇಲೆ ನಿಮ್ಮ ಸರದಿ ನಿಂತಿರುತ್ತದೆ.

ಚೆನ್ನೈನ ಡಾ. ವಿ. ಮೋಹನ್ ತಂಡ 2005ರಲ್ಲಿ ಮಾಡಿದ ಭಾರತೀಯ ಡಯಾಬಿಟಿಸ್ ರಿಸ್ಕ್ ಸ್ಕೋರ್ ಕೂಡ ಇದೇ ದಾರಿಯದು. ನಿಮ್ಮದನ್ನು ಹಾಕಿ ನೋಡೋಣ. ವಯಸ್ಸು 35ರಿಂದ 49ರ ನಡುವೆ, 20 ಅಂಕ. ಸೊಂಟ 90ರಿಂದ 99ರ ನಡುವೆ, 10. ವ್ಯಾಯಾಮವೂ ಇಲ್ಲ, ಮೈಬಗ್ಗಿಸಿ ಮಾಡುವ ಕೆಲಸವೂ ಇಲ್ಲ, 30. ತಂದೆ ತಾಯಿಯಲ್ಲಿ ಒಬ್ಬರಿಗೆ ಶುಗರ್, 10. ಒಟ್ಟು 70. 60 ಮತ್ತು ಅದಕ್ಕಿಂತ ಮೇಲೆ ಇದ್ದರೆ ಅಪಾಯ ಹೆಚ್ಚು. ನಿಮ್ಮ ಮನೆಯವರ ತಂದೆ ತಾಯಿಗೆ ಶುಗರ್ ಇಲ್ಲದಿದ್ದರೆ ಅವರದು 40 ಆಗುತ್ತದೆ, ಮಧ್ಯಮ. ಇದರಲ್ಲಿ ನನಗೆ ಇಷ್ಟವಾಗುವುದು ಏನೆಂದರೆ ಯಾವುದು ನಿಮ್ಮ ಕೈಯಲ್ಲಿದೆ ಎನ್ನುವುದು ಎದುರಿಗೇ ಕಾಣುತ್ತದೆ. ನೀವು ನಿಯಮಿತವಾಗಿ ವ್ಯಾಯಾಮ ಶುರು ಮಾಡಿದರೆ 10 ಇಳಿಯುತ್ತದೆ. ಸೊಂಟ 90ರ ಒಳಗೆ ಬಂದರೆ ಇನ್ನೂ 10. ಆಗ 50, ಹೈ ರಿಸ್ಕ್‌ನಿಂದ ಹೊರಗೆ.

ಟೇಪಿಗೆ ಕಾಣದ ವಿಷಯಗಳೂ ಇವೆ, ಇವನ್ನು ದಯವಿಟ್ಟು ಮರೆಯಬೇಡಿ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಸೊಂಟದ ಜೊತೆ ಅಷ್ಟಾಗಿ ಏರುವುದಿಲ್ಲ. ವಂಶದಿಂದಲೇ ಎಲ್‌ಡಿಎಲ್ ವಿಪರೀತ ಇರುವವರು ಕಡ್ಡಿಯಂತೆ ಇರಬಹುದು. ಲಿಪೊಪ್ರೋಟೀನ್-ಎ ಎನ್ನುವ ಇನ್ನೊಂದು ಅಂಶ ಬಹುಮಟ್ಟಿಗೆ ಹುಟ್ಟಿನಿಂದ ಬರುವಂಥದ್ದು, ಟೇಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಸಿಗರೇಟು, ಬೀಡಿ ಸೇದುವವರು ಎಷ್ಟೋ ಸಲ ತೆಳ್ಳಗೇ ಇರುತ್ತಾರೆ. ಹಾಗಾಗಿ ಸೊಂಟ 80 ಇದ್ದು ದಿನಕ್ಕೊಂದು ಪ್ಯಾಕ್ ಸೇದುವವನಿಗೆ ಹಸಿರು ಬಣ್ಣ ತೋರಿಸುವ ಕ್ಯಾಲ್ಕುಲೇಟರನ್ನು ನಾನು ಒಪ್ಪುವುದಿಲ್ಲ. ಬಿಪಿ ಎಷ್ಟು, ತಂಬಾಕು ಇದೆಯಾ ಎಂದು ಕೇಳದೆ ಹೃದಯದ ರಿಸ್ಕ್ ಹೇಳುವ ಯಾವ ಆ್ಯಪನ್ನೂ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ರಿಸ್ಕ್ ಚಾರ್ಟುಗಳಲ್ಲಿ ರಕ್ತ ಪರೀಕ್ಷೆ ಇಲ್ಲದೆ ಬಳಸುವ ಒಂದು ಬಗೆ ಇದೆ. ಅದರಲ್ಲೂ ಬಿಎಂಐ ಜೊತೆ ವಯಸ್ಸು, ಲಿಂಗ, ತಂಬಾಕು, ಬಿಪಿ ಇದ್ದೇ ಇವೆ.

ನಿಮಗೆ ಬೇಕಾದ ಪರೀಕ್ಷೆಗಳು ಹೆಚ್ಚೇನಿಲ್ಲ. ಬಿಪಿಯನ್ನು ಎರಡು ಬೇರೆ ಬೇರೆ ದಿನ ನೋಡಿಸಿ. ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿ. ತಂದೆಯವರಿಗೆ ಚಿಕ್ಕ ವಯಸ್ಸಿಗೆ ಆಗಿದ್ದರಿಂದ ಲಿಪೊಪ್ರೋಟೀನ್-ಎ ಅನ್ನು ಜೀವನದಲ್ಲಿ ಒಮ್ಮೆ ನೋಡಿಸಿಬಿಡಿ. ಬಿಪಿ, ಶುಗರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಸರ್ಕಾರದ ‘ನಮ್ಮ ಕ್ಲಿನಿಕ್’‌ನಲ್ಲೋ ದುಡ್ಡಿಲ್ಲದೆ ನೋಡುತ್ತಾರೆ. ವರದಿ ಬಂದಾಗ ಐದು ವಿಷಯ ನೋಡಿ: ಸೊಂಟ 90 ಅಥವಾ ಮೇಲೆ, ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಎಚ್‌ಡಿಎಲ್ 40ಕ್ಕಿಂತ ಕೆಳಗೆ (ಹೆಂಗಸರಿಗೆ 50ಕ್ಕಿಂತ ಕೆಳಗೆ), ಬಿಪಿ 130/85 ಅಥವಾ ಮೇಲೆ, ಖಾಲಿ ಹೊಟ್ಟೆಯ ಶುಗರ್ 100 ಅಥವಾ ಮೇಲೆ. ಇವುಗಳಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್. ಒಂದು ನಿಮ್ಮಲ್ಲಿ ಈಗಾಗಲೇ ಇದೆ. ಎಲ್‌ಡಿಎಲ್ ಈ ಐದರಲ್ಲಿ ಇಲ್ಲ, ಅದನ್ನು ಬೇರೆಯಾಗಿ ವೈದ್ಯರ ಜೊತೆ ಮಾತಾಡಿ. ತಂದೆಯವರ ವಿಷಯವನ್ನು ಅವರು ಕೇಳದಿದ್ದರೂ ನೀವೇ ಹೇಳಿ.

ಸೊಂಟ ಇಳಿಸುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಎರಡು ಮಾತು. 64 ಕೆ.ಜಿ. ಇರುವ ನಿಮಗೆ ಹತ್ತು ಕೆ.ಜಿ. ಇಳಿಸಿ ಎಂದು ನಾನು ಹೇಳುವುದಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುಗರ್ ಬರುವ ಅಂಚಿನಲ್ಲಿದ್ದವರಿಗೆ ಊಟ ಮತ್ತು ನಡಿಗೆಯ ಬದಲಾವಣೆ ಹೇಳಿಕೊಟ್ಟರು. ಸುಮಾರು ಎರಡೂವರೆ ವರ್ಷದಲ್ಲಿ ಶುಗರ್ ಬರುವ ಸಾಧ್ಯತೆ 28.5% ಕಡಿಮೆಯಾಯಿತು. ಅವರ ತೂಕ ಮಾತ್ರ ಹೆಚ್ಚೇನೂ ಇಳಿದಿರಲಿಲ್ಲ! ಆದ್ದರಿಂದ ತೂಕದ ಯಂತ್ರ ಅಲುಗಾಡಲಿಲ್ಲ ಎಂದು ಕೈಬಿಡಬೇಡಿ. ಬಿರುಸಿನ ನಡಿಗೆ ವಾರಕ್ಕೆ ಐದು ದಿನ ಅರ್ಧ ಗಂಟೆ ಇರಲಿ. ಜೊತೆಗೆ ವಾರಕ್ಕೆರಡು ದಿನ ಬಸ್ಕಿ, ದಂಡ, ಭಾರ ಎತ್ತುವಂಥದ್ದು ಮಾಡಿ. ನಿಮ್ಮ ಕಾಲಿನ ಸ್ನಾಯು ಬೆಳೆಯಬೇಕು, ಅದೇ ಸಕ್ಕರೆಯನ್ನು ಹೆಚ್ಚು ಬಳಸುವ ಜಾಗ. ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ, ಆ ಜಾಗಕ್ಕೆ ಹುಳಿಯಲ್ಲಿನ ಬೇಳೆ-ತರಕಾರಿ, ಕೋಸಂಬರಿ, ಮೊಳಕೆಕಾಳು, ಮೊಟ್ಟೆ ಬರಲಿ. ಅನ್ನ ಬಿಟ್ಟು ಮೂರು ರಾಗಿಮುದ್ದೆ ಉಂಡರೆ ಉಪಯೋಗ ಇಲ್ಲ. ಸಕ್ಕರೆ ಹಾಕಿದ ಕಾಫಿ ದಿನಕ್ಕೆ ನಾಲ್ಕಾಗಿದ್ದರೆ ಅಲ್ಲಿಂದಲೇ ಶುರು ಮಾಡಿ. ಮೂರು ತಿಂಗಳಿಗೊಮ್ಮೆ ಅಳೆಯಿರಿ, ದಿನಾ ಅಳೆದರೆ ಬರೀ ಬೇಜಾರು.

ಕೊನೆಗೆ ಮಗನ ವಿಷಯ. ನೀವು ಬರೆದದ್ದರಲ್ಲಿ ನಾನು ಎರಡು ಸಲ ಓದಿದ್ದು ಅವನ 2.2 ಕೆ.ಜಿ.ಯನ್ನು. ಹುಟ್ಟಿದ ತೂಕವೂ ಒಂದು ದೇಹದ ಅಳತೆಯೇ, ಮತ್ತು ಅದರ ಬಗ್ಗೆ ಜಗತ್ತಿಗೆ ಮೈಸೂರು ಒಂದು ದೊಡ್ಡ ವಿಷಯ ತಿಳಿಸಿಕೊಟ್ಟಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನ ವೈದ್ಯರು ಸೇರಿ, ಆ ದಾಖಲೆ ಹಿಡಿದು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 2.5 ಕೆ.ಜಿ. ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ 11% ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕೆ.ಜಿ.ಗಿಂತ ಹೆಚ್ಚು ಇದ್ದವರಲ್ಲಿ 3%. ಬಸುರಿಯಲ್ಲಿ ತಾಯಿಯ ತೂಕವೂ 45 ಕೆ.ಜಿ.ಗಿಂತ ಕಡಿಮೆ ಇದ್ದು ಕೂಸೂ ಸಣ್ಣದಿದ್ದರೆ 20%. ಹೊಟ್ಟೆಯಲ್ಲಿದ್ದಾಗ ಸಿಕ್ಕ ಪೋಷಣೆ ಐವತ್ತು ವರ್ಷದ ನಂತರದ ಹೃದಯದವರೆಗೆ ಬರುತ್ತದೆ ಎನ್ನುವುದಕ್ಕೆ ಆ ಹಳೆಯ ಹೆರಿಗೆ ವಾರ್ಡಿನ ಪುಸ್ತಕಗಳು ಸಾಕ್ಷಿಯಾದವು.

ಇದನ್ನು ಓದಿ ಹೆದರಬೇಡಿ, ನಿಮ್ಮ ಮನೆಯವರು ಬಸುರಿಯಲ್ಲಿ ಸರಿಯಾಗಿ ಉಣ್ಣಲಿಲ್ಲ ಎಂದು ಯಾರೂ ಬೆರಳು ತೋರಿಸುವುದೂ ಬೇಡ. ಹುಟ್ಟಿದ ತೂಕ ಮುಗಿದ ಕಥೆ. ಮುಂದಿನದು ನಿಮ್ಮ ಕೈಯಲ್ಲಿದೆ. ದೆಹಲಿಯಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಮಕ್ಕಳ ಅಧ್ಯಯನ 2004ರಲ್ಲಿ ತೋರಿಸಿದ್ದು ಇದನ್ನೇ. ಎರಡು ವರ್ಷದವರೆಗೆ ಸಣ್ಣಗಿದ್ದು, ಆಮೇಲೆ ಬಾಲ್ಯದಿಂದ ಮುಂದಕ್ಕೆ ಬಿಎಂಐ ಒಂದೇ ಸಮ ಏರುತ್ತಾ ಹೋದವರಿಗೆ, ಮೂವತ್ತರ ಆಸುಪಾಸಿನಲ್ಲಿ ಶುಗರ್ ತೊಂದರೆ ಹೆಚ್ಚು ಕಂಡಿತು. ಮಕ್ಕಳಾಗಿದ್ದಾಗ ಅವರಲ್ಲಿ ಹೆಚ್ಚಿನವರು ನೋಡಲು ಅಷ್ಟೇನೂ ದಪ್ಪ ಇರಲಿಲ್ಲ. ಸಣ್ಣಗೆ ಹುಟ್ಟಿದ್ದಾನೆ ಎಂದು ಅಜ್ಜಿ ತಾತ ಮುದ್ದಿನಿಂದ ತುತ್ತಿನ ಮೇಲೆ ತುತ್ತು ಹಾಕಿ ಗುಂಡಗೆ ಮಾಡುತ್ತಾರಲ್ಲ, ಅಂಥ ಮಗುವನ್ನೇ ನಾವು ಹೆಚ್ಚು ಗಮನಿಸಬೇಕು.

ಅವನಿಗೆ ದೊಡ್ಡವರ ಬಿಎಂಐ ಗಡಿ, 90ರ ಸೊಂಟದ ಗಡಿ ಯಾವುದೂ ಅನ್ವಯಿಸುವುದಿಲ್ಲ. ಮಕ್ಕಳ ಬಿಎಂಐಯನ್ನು ವಯಸ್ಸಿನ ಚಾರ್ಟಿನಲ್ಲಿ ಇಟ್ಟು ನೋಡಬೇಕು, ಅದನ್ನು ಮಕ್ಕಳ ವೈದ್ಯರು ಮಾಡುತ್ತಾರೆ. ಎತ್ತರದ ಅರ್ಧದ ಲೆಕ್ಕ ಮಾತ್ರ ಐದು ವರ್ಷ ದಾಟಿದ ಮಕ್ಕಳಿಗೂ ನಡೆಯುತ್ತದೆ. 138 ಸೆಂ.ಮೀ. ಎತ್ತರ ಇದ್ದರೆ ಸೊಂಟ 69ರ ಒಳಗೆ. ನೆಂಟರ ಮುಂದೆ ಅಳೆಯಬೇಡಿ, ಡುಮ್ಮ ಎಂದು ಕರೆಯಲು ಯಾರಿಗೂ ಬಿಡಬೇಡಿ, ಡಯಟ್ ಅಂತ ಹಸಿವಿನಲ್ಲಿ ಇಡಬೇಡಿ. ಬಾಟಲಿಯ ಜ್ಯೂಸು, ಚಿಪ್ಸ್, ಬಿಸ್ಕತ್ತು ಮನೆಗೆ ತರುವುದನ್ನು ಎಲ್ಲರೂ ಒಟ್ಟಿಗೆ ನಿಲ್ಲಿಸಿ. ಸಂಜೆ ಟ್ಯೂಷನ್ ಸಮಯ ಸ್ವಲ್ಪ ಸರಿಸಿಯಾದರೂ ಒಂದು ಗಂಟೆ ಮೈದಾನಕ್ಕೆ ಬಿಡಿ. ಅವನು ಎತ್ತರ ಬೆಳೆಯುವ ವಯಸ್ಸಿನಲ್ಲಿ ಇದ್ದಾನೆ, ತೂಕ ಇದ್ದಲ್ಲೇ ನಿಂತರೂ ಸೊಂಟ-ಎತ್ತರದ ಲೆಕ್ಕ ತಾನಾಗಿ ಸರಿಹೋಗುತ್ತದೆ. ನಿಮ್ಮ ರಕ್ತ ಪರೀಕ್ಷೆಯ ವರದಿ ಬಂದ ಮೇಲೆ, ಸಂಖ್ಯೆಗಳ ಸಮೇತ ಮತ್ತೊಮ್ಮೆ ಬರೆಯಿರಿ.